ಮಾರೋದು ಬೇರೆ, ಸಲಹೆ ಕೊಡೋದು ಬೇರೆ

ಎಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟು ಬಿ.ಕಾಂ. ಸೇರಿ, ಫೈನಾನ್ಷಿಯಲ್ ಪ್ಲಾನರ್ (ಜನರ ಉಳಿತಾಯ, ಹೂಡಿಕೆಗೆ ದಾರಿ ಹೇಳುವವರು) ಆಗಲು ಹೊರಟ ಹುಡುಗಿಯ ಬಗ್ಗೆ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ. ನಾನೂ ಬೆಂಗಳೂರಿನಲ್ಲಿ ಇದೇ ಕೆಲಸದಲ್ಲಿದ್ದೇನೆ. ಒಂದು ವಿಷಯ ಮಾತ್ರ ಲೇಖನದಲ್ಲಿ ಕಲಸುಮೇಲೋಗರ ಆಗಿದೆ.

ಮ್ಯೂಚುವಲ್ ಫಂಡ್ ಮಾರುವುದೂ ಸಲಹೆ ಕೊಡುವುದೂ ಒಂದೇ ಅಲ್ಲ. ಮಾರುವವರು ಎನ್‌ಐಎಸ್‌ಎಂ ಅನ್ನೋ ಹೂಡಿಕೆ ಕ್ಷೇತ್ರದ ಪರೀಕ್ಷಾ ಸಂಸ್ಥೆಯ 5-ಎ ಪರೀಕ್ಷೆ ಪಾಸಾಗಿ, ಫಂಡ್ ಕಂಪನಿಗಳ ಸಂಘವಾದ ಆಂಫಿಯಿಂದ ಎಆರ್‌ಎನ್ ಅನ್ನೋ ನೋಂದಣಿ ನಂಬರ್ ಪಡೆಯುತ್ತಾರೆ. ಅವರಿಗೆ ಕಮಿಷನ್ ಕೊಡುವುದು ಫಂಡ್ ಕಂಪನಿ. ಸಲಹೆಗಾರರಾಗಲು ಡಿಗ್ರಿ ಜೊತೆ ಅದೇ ಸಂಸ್ಥೆಯ 10-ಎ, 10-ಬಿ ಪರೀಕ್ಷೆ, ಮೇಲೆ ಷೇರುಪೇಟೆ ನಿಯಂತ್ರಕ ಸೆಬಿಯ ನೋಂದಣಿ ಬೇಕು. ಫೀಸು ಕ್ಲೈಂಟೇ ಕೊಡಬೇಕು. ನಮ್ಮ ಜನಕ್ಕೆ ಇದು ಸುಲಭಕ್ಕೆ ಒಗ್ಗಲ್ಲ. 'ಬ್ಯಾಂಕಲ್ಲಿ ಫ್ರೀಯಾಗಿ ಹೇಳ್ತಾರಲ್ಲ' ಅಂತಾರೆ! ಕಮಿಷನ್ ಇಲ್ಲದೆ ಫಂಡ್ ಕಂಪನಿಯಿಂದ ನೇರ ಕೊಳ್ಳುವ ಡೈರೆಕ್ಟ್ ಪ್ಲಾನ್ 2013ರಿಂದ ಇದ್ದರೂ, ಮಾರುವವರ ಮೂಲಕ ಕೊಳ್ಳುವ ರೆಗ್ಯುಲರ್ ಪ್ಲಾನಿನ ಖರ್ಚಿನೊಳಗೇ ಕಮಿಷನ್ ಸೇರಿರುತ್ತದೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಲೆಕ್ಕ ಗೊತ್ತಿದ್ದರೆ ಸಾಕು ಅಂದುಕೊಳ್ಳಬೇಡಿ. ಮೊನ್ನೆ ರಾಜಾಜಿನಗರದ ನಿವೃತ್ತ ಮೇಷ್ಟ್ರೊಬ್ಬರು ಬಂದಿದ್ದರು. ಪ್ಲಾಸ್ಟಿಕ್ ಕವರಿನಿಂದ ಎಫ್‌ಡಿ ರಸೀದಿ, ಹಳೇ ಪಾಲಿಸಿ ಎಲ್ಲ ತೆಗೆದು ಮೇಜಿನ ಮೇಲೆ ಹರಡಿದರು. ಅರ್ಧದಲ್ಲಿ ನಾಮಿನಿ ಹೆಸರು ಅವರ ತಾಯಿಯದು. ತಾಯಿ ತೀರಿಕೊಂಡು ವರ್ಷಗಳೇ ಆಗಿವೆ. ಅದನ್ನು ಸರಿಮಾಡೋದೇ ಮೊದಲ ಕೆಲಸವಾಯ್ತು, ಫಂಡಿನ ಮಾತೇ ಬರಲಿಲ್ಲ.

ಹಾಗಾಗಿ ಆ ಹುಡುಗಿ ಡಿಗ್ರಿ ಮುಗಿಯುವ ಮೊದಲೇ ನೋಂದಾಯಿತ ಸಲಹೆಗಾರರೊಬ್ಬರ ಆಫೀಸಿನಲ್ಲಿ ಇಂಟರ್ನ್ ಆಗಿ ಸೇರಲಿ. ದುಡ್ಡು ಜಾಸ್ತಿ ಸಿಗಲ್ಲ. ಆದರೆ ಇಂಥ ಕವರ್ ಬಿಚ್ಚಿದಾಗ ಏನು ಕೇಳಬೇಕು ಅನ್ನೋದನ್ನ ಅಲ್ಲೇ ಕಲಿಯಬಹುದು.