ಕಸದ ಡಬ್ಬಿಗೊಂದು ಪದಕ ಕೊಡಿ

ಆ ಅಂಗಿಯ ವಿಡಿಯೊ ಮತ್ತೆ ಫೋನಿಗೆ ಬಂದಿದೆ. ಗೊತ್ತಲ್ಲ, ಹೂಸ್ಟನ್ ಆಸ್ಟ್ರೋಸ್ ಅನ್ನೋ ಅಮೆರಿಕದ ಬೇಸ್‌ಬಾಲ್ ತಂಡದ ಹೊಸೆ ಆಲ್ಟುವೆ 2019ರ ಅಕ್ಟೋಬರ್‌ನಲ್ಲಿ ಯಾಂಕೀಸ್ ಎದುರು ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಬಾರಿಸಿ, ತಂಡವನ್ನು ಫೈನಲ್ಲಿಗೆ, ಅಂದರೆ ವರ್ಲ್ಡ್ ಸೀರೀಸ್‌ಗೆ ದಾಟಿಸಿ, ಅಂಗಿ ಹಿಡಿದುಕೊಂಡು 'ಹರೀಬೇಡ್ರಪ್ಪೋ' ಅನ್ನುವ ಹಾಗೆ ಓಡಿ ಬರುವ ವಿಡಿಯೊ. ಅಂಗಿಯೊಳಗೆ ಬಝರ್ ಇತ್ತು, ಮುಂದಿನ ಎಸೆತ ಯಾವುದು ಅಂತ ಅದು ಮೈಗೆ ಗುಂಯ್‌ಗುಟ್ಟಿ ಹೇಳುತ್ತಿತ್ತು ಅನ್ನೋದು ಇಂಟರ್ನೆಟ್ ಪಂಡಿತರ ತೀರ್ಪು. ಲೀಗ್ ತನಿಖೆ ಮಾಡಿತು, ಅಂಥ ಯಂತ್ರಕ್ಕೆ ಪುರಾವೆ ಸಿಗಲಿಲ್ಲ. ಅಂಗಿ ಬಿಚ್ಚೋಕೆ ನನಗೆ ನಾಚಿಕೆ ಅಂದರು ಆಲ್ಟುವೆ. ಹೆಂಡತಿಗೆ ಇಷ್ಟ ಆಗಲ್ಲ ಅಂತಲೂ ಅಂದರು. ಆಮೇಲೆ ಜೊತೆಗಾರ ಕಾರ್ಲೋಸ್ ಕೊರಿಯಾ ಬಂದು, ಅಲ್ಲಿ ಅರ್ಧಕ್ಕೆ ನಿಂತ ಹಚ್ಚೆ ಇತ್ತು, ನೋಡೋಕೆ ಕೆಟ್ಟದಾಗಿತ್ತು ಅಂದರು. ನಾಚಿಕೆ, ಹೆಂಡತಿ, ಹಚ್ಚೆ. ಒಂದು ಅಂಗಿಗೆ ಇಷ್ಟು ಗುಂಡಿ ಸಾಕು.

ಬೇಸ್‌ಬಾಲ್‌ನ ನೀತಿಯೇ ಒಂದು ಮಜಾ. ಬ್ಯಾಟ್ ಹಿಡಿದವನ ಹಿಂದೆ ಕೂರುವ ಕ್ಯಾಚರ್ ಕಾಲಸಂದಿಯಲ್ಲಿ ಬೆರಳು ತೋರಿಸಿ ಯಾವ ಎಸೆತ ಅಂತ ಚೆಂಡೆಸೆಯುವ ಪಿಚರ್‌ಗೆ ಹೇಳುತ್ತಿದ್ದ. ಎರಡನೇ ಬೇಸ್‌ನಲ್ಲಿ (ಓಟಗಾರ ಮುಟ್ಟಬೇಕಾದ ನಿಲ್ದಾಣ, ಪಿಚರ್ ಬೆನ್ನ ಹಿಂದೆ) ನಿಂತ ಓಟಗಾರ ಅದನ್ನು ಬರಿಗಣ್ಣಿಂದ ಕದ್ದರೆ ಜಾಣ. ಯಂತ್ರ ಹಿಡಿದು ಕದ್ದರೆ ಕಳ್ಳ. ಅಂದರೆ ಕದಿಯೋದಕ್ಕೆ ಅಡ್ಡಿಯಿಲ್ಲ, ಬರಿಗೈಯಲ್ಲಿ ಬನ್ನಿ ಅಷ್ಟೇ.

2017ರಲ್ಲಿ ಬಾಸ್ಟನ್ ರೆಡ್ ಸಾಕ್ಸ್‌ನವರು ಬರಿಗೈಯಲ್ಲಿ ಬರಲಿಲ್ಲ, ಆಪಲ್ ವಾಚ್ ಕಟ್ಟಿಕೊಂಡು ಬಂದರು. ಒಳಗೆ ವಿಡಿಯೊ ನೋಡುವವರು ಸಂಕೇತ ಬಿಡಿಸಿ ಮೆಸೇಜ್ ಹಾಕಬೇಕು. ಬೆಂಚಿನಲ್ಲಿರುವ ಟ್ರೇನರ್ ವಾಚ್ ನೋಡಿ ಆಟಗಾರನ ಕಿವಿಯಲ್ಲಿ ಹೇಳಬೇಕು. ಅವನು ಎರಡನೇ ಬೇಸಿನವನಿಗೆ, ಅವನು ಬ್ಯಾಟ್ ಹಿಡಿದವನಿಗೆ. ಹೆಜ್ಜೆ ಎಣಿಸೋಕೆ, ಎದೆಬಡಿತ ನೋಡೋಕೆ ಮಾಡಿದ ವಾಚು ಪಾಪ, ಅಂಚೆಯಣ್ಣನಾಯಿತು. ಯಾಂಕೀಸ್ ವಿಡಿಯೊ ಸಮೇತ ದೂರು ಕೊಟ್ಟರು. ಲೀಗಿನ ಮುಖ್ಯಸ್ಥ, ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ರೆಡ್ ಸಾಕ್ಸ್‌ಗೆ ದಂಡ ಹಾಕಿದರು, ಎಷ್ಟು ಅಂತ ಹೇಳಲಿಲ್ಲ. ಹಿಂದಿನ ಒಂದು ಸೀಸನ್‌ನಲ್ಲಿ ಬೆಂಚಿನ ಫೋನನ್ನು ತಪ್ಪಾಗಿ ಬಳಸಿದ್ದಕ್ಕೆ ದೂರು ಕೊಟ್ಟ ಯಾಂಕೀಸ್‌ಗೂ ಸಣ್ಣ ದಂಡ! ದುಡ್ಡು ಫ್ಲಾರಿಡಾದ ಚಂಡಮಾರುತ ಪರಿಹಾರಕ್ಕೆ ಹೋಯಿತು. ಕಳ್ಳತನದಿಂದಲೂ ಸಮಾಜಸೇವೆ.

ಇದೆಲ್ಲ ಹೊಸ ಕಾಲದ ಚಾಳಿ ಅಂದುಕೊಳ್ಳಬೇಡಿ. 1900ರಲ್ಲಿ ಫಿಲಡೆಲ್ಫಿಯಾ ತಂಡದ ಮಾರ್ಗನ್ ಮರ್ಫಿ ಮೈದಾನದಾಚೆ ದುರ್ಬೀನು ಹಿಡಿದು ಕೂರುತ್ತಿದ್ದ. ಮೂರನೇ ಬೇಸಿನ ಹತ್ತಿರ ನಿಲ್ಲುವ ಕೋಚ್ ಪಿಯರ್ಸ್ ಚೈಲ್ಸ್ ಕೆಸರಾದರೂ ಆ ಒಂದೇ ಜಾಗ ಬಿಟ್ಟು ಕದಲುತ್ತಿರಲಿಲ್ಲವಂತೆ. ಆಗಾಗ ಕಾಲು ಬೇರೆ ಅದುರುತ್ತಿತ್ತಂತೆ. ಸಿನ್ಸಿನಾಟಿಯ ಟಾಮಿ ಕಾರ್ಕೊರನ್‌ಗೆ ಅನುಮಾನ ಬಂತು. ಆಟದ ಮಧ್ಯೆಯೇ ಹೋಗಿ ಬೂಟಿನ ಮೊಳೆಯಿಂದ ಮಣ್ಣು ಕೆದಕಿದ. ಕೆಳಗೆ ಮರದ ಪೆಟ್ಟಿಗೆ, ಅದರಲ್ಲಿ ತಂತಿ, ಬಝರ್. ಸಾವಿರಾರು ಜನ ನೋಡ್ತಾ ಇರುವಾಗ ಒಬ್ಬ ನೆಲ ಅಗೆಯುವುದು, ಇನ್ನೊಬ್ಬ ಅದರ ಮೇಲೆ ಏನೂ ಗೊತ್ತಿಲ್ಲದವನ ಹಾಗೆ ನಿಂತಿರುವುದು. ಇಂಥದ್ದಕ್ಕೆ ಟಿಕೆಟ್ ದುಡ್ಡು ಜಾಸ್ತಿ ಆದರೂ ಕೊಡಬಹುದು.

ಕ್ರಿಕೆಟ್‌ನವರು ನಗುವ ಹಾಗಿಲ್ಲ. 1999ರ ವಿಶ್ವಕಪ್‌ನಲ್ಲಿ, ಹೋವ್‌ನಲ್ಲಿ, ನಮ್ಮ ಎದುರೇ ದಕ್ಷಿಣ ಆಫ್ರಿಕಾ ನಾಯಕ ಹ್ಯಾನ್ಸಿ ಕ್ರೋನಿಯೆ ಕಿವಿಗೆ ಇಯರ್‌ಪೀಸ್ ಸಿಕ್ಕಿಸಿಕೊಂಡು ಬಂದಿದ್ದರು. ಆ ಕಡೆಯಿಂದ ಕೋಚ್ ಬಾಬ್ ವೂಲ್ಮರ್. ಕೋಚ್ ಕಿವಿಯಲ್ಲೇ ಕೂತಿದ್ದರೂ ಗಂಗೂಲಿ 97 ಹೊಡೆದರು, ದ್ರಾವಿಡ್ 54. ಪಾನೀಯ ವಿರಾಮದಲ್ಲಿ ರೆಫರಿ ಅದನ್ನು ತೆಗೆಸಿದರು. ಮ್ಯಾಚು ದಕ್ಷಿಣ ಆಫ್ರಿಕಾವೇ ಗೆದ್ದಿತು, ಅದು ಬೇರೆ ಮಾತು.

ಇರಲಿ. ನನ್ನ ನಿಜವಾದ ಗೌರವ ಆಸ್ಟ್ರೋಸ್‌ಗೆ. ಅವರೂ ಮೊದಲು ಮೆಸೇಜು, ಸ್ಮಾರ್ಟ್ ವಾಚು ಅಂತಲೇ ಶುರು ಮಾಡಿದವರು. ಚಪ್ಪಾಳೆ ತಟ್ಟಿ ನೋಡಿದರು, ಶಿಳ್ಳೆ ಹೊಡೆದು ನೋಡಿದರು. ಕೊನೆಗೆ ಕ್ಯಾಮೆರಾ ಚಿತ್ರ ತೋರಿಸುವ ಒಂದು ಟೀವಿಯನ್ನು ಬೆಂಚಿನ ಹಿಂದೆ ತೂಗುಹಾಕಿ, ಪಕ್ಕದ ಕಸದ ಡಬ್ಬಿಯನ್ನು ಬ್ಯಾಟಿನಿಂದ ಬಡಿದರು. ಢಬ್ ಅಂದರೆ ತಿರುಗುವ ಎಸೆತ, ಸದ್ದಿಲ್ಲ ಅಂದರೆ ವೇಗದ್ದು. ಚಾರ್ಜ್ ಬೇಡ, ಅಪ್‌ಡೇಟ್ ಬೇಡ, ಪಾಸ್‌ವರ್ಡ್ ಮರೆಯುವ ಭಯ ಇಲ್ಲ. 2017ರ ಚಾಂಪಿಯನ್ನರೂ ಆದರು. ಸಿಲಿಕಾನ್ ವ್ಯಾಲಿಯವರು ಇನ್ನೂ ಯಾಕೆ ಆ ಡಬ್ಬಿಗೆ ಸನ್ಮಾನ ಮಾಡಿಲ್ಲವೋ.

ಬಾಸ್ಟನ್‌ಗೆ ದಂಡ ಹಾಕಿ, ಇನ್ನು ಮುಂದೆ ಹೀಗೆ ಮಾಡಿದರೆ ಜೋಕೆ ಅಂತ ಕಮಿಷನರ್ ಎಲ್ಲ ತಂಡಗಳಿಗೂ ಓಲೆ ಕಳಿಸಿದ್ದು 2017ರ ಸೆಪ್ಟೆಂಬರ್ 15ಕ್ಕೆ. ಅದೇ ತಿಂಗಳ 21ಕ್ಕೆ ಹೂಸ್ಟನ್‌ನಲ್ಲಿ ಶಿಕಾಗೊ ಪಿಚರ್ ಡ್ಯಾನಿ ಫಾರ್ಕ್ವಾರ್‌ಗೆ ಎಸೆಯುವ ಮುಂಚೆ ಡಬ್ಬಿಯ ಸದ್ದು ಕೇಳಿಸಿತು. ನಿಂತರು, ಕ್ಯಾಚರ್‌ನ ಕರೆದು ಸಂಕೇತ ಬದಲಿಸಿದರು. ಇತ್ತ ಆಸ್ಟ್ರೋಸ್‌ನವರು ಗಾಬರಿ ಬಿದ್ದು ಗೋಡೆಯ ಟೀವಿ ಕಿತ್ತು ಒಂದು ಆಫೀಸಿನಲ್ಲಿ ಬಚ್ಚಿಟ್ಟರು.

ವಿಷಯ ಬಯಲಾಗಿದ್ದು 2019ರ ನವೆಂಬರ್‌ನಲ್ಲಿ. ಅದೂ ಆಸ್ಟ್ರೋಸ್ ತಂಡದ ಹಳೆಯ ಆಟಗಾರ ಮೈಕ್ ಫಯರ್ಸ್ ಬಾಯಿ ಬಿಟ್ಟಿದ್ದಕ್ಕೆ. 2020ರ ಜನವರಿಯಲ್ಲಿ 50 ಲಕ್ಷ ಡಾಲರ್ ದಂಡ, ಮ್ಯಾನೇಜರ್ ಎ.ಜೆ. ಹಿಂಚ್‌ಗೆ ಒಂದು ವರ್ಷ ನಿಷೇಧ. ಡಬ್ಬಿ ಬಡಿದ ಆಟಗಾರರಿಗೆ? ಏನಿಲ್ಲ. ಸತ್ಯ ಹೇಳಿದರೆ ಶಿಕ್ಷೆ ಇಲ್ಲ ಅಂತ ಮೊದಲೇ ಅಭಯ. ಮಾಲೀಕ ಜಿಮ್ ಕ್ರೇನ್ ಪತ್ರಿಕಾಗೋಷ್ಠಿಯಲ್ಲಿ, ಇದರಿಂದ ಆಟದ ಮೇಲೆ ಪರಿಣಾಮ ಆಗಿಲ್ಲ ಅಂದರು. ಮರುಗಳಿಗೆಯಲ್ಲೇ, ಹಾಗೆ ನಾನು ಹೇಳಲೇ ಇಲ್ಲ ಅಂದರು. ಟ್ರೋಫಿ ಕಿತ್ತುಕೊಳ್ಳಿ ಅಂದವರಿಗೆ ಕಮಿಷನರ್, ಅದೊಂದು ಲೋಹದ ತುಂಡು ಅಂದುಬಿಟ್ಟರು. ಆಮೇಲೆ ಕ್ಷಮೆ ಕೇಳಿದರು. ಆ ವರ್ಷ ಕೋವಿಡ್, ಸ್ಟೇಡಿಯಂ ಖಾಲಿ, ಛೀಮಾರಿ ಹಾಕೋಕೂ ಜನ ಇರಲಿಲ್ಲ. ವರ್ಲ್ಡ್ ಸೀರೀಸ್ ಮುಗಿದ ಕೆಲವೇ ದಿನಕ್ಕೆ ಹಿಂಚ್‌ಗೆ ಡೆಟ್ರಾಯಿಟ್‌ನಲ್ಲಿ ಕೆಲಸ ಸಿಕ್ಕಿತು. ಆಸ್ಟ್ರೋಸ್‌ನಲ್ಲಿ ಈ ಯೋಜನೆಗೆ ಕೈಜೋಡಿಸಿದ್ದ ಅಲೆಕ್ಸ್ ಕೋರಾ ಬಾಸ್ಟನ್‌ಗೆ ಮ್ಯಾನೇಜರ್ ಆಗಿ ವಾಪಸ್ ಬಂದರು.

ಮೈಕ್ ಬೋಲ್ಸಿಂಗರ್ ವಾಪಸ್ ಬರಲಿಲ್ಲ. ಟೊರಾಂಟೊ ಪಿಚರ್. 2017ರ ಆಗಸ್ಟ್ 4ರಂದು ಹೂಸ್ಟನ್‌ನಲ್ಲಿ 29 ಎಸೆತ ಹಾಕಿ, ಒಬ್ಬನನ್ನು ಔಟ್ ಮಾಡಿ, 4 ರನ್ ಕೊಟ್ಟರು. ಡಬ್ಬಿ ಅತಿ ಹೆಚ್ಚು ಬಡಿದ ದಿನ ಅದು. ದೊಡ್ಡ ಲೀಗ್‌ನಲ್ಲಿ ಅವರು ಮತ್ತೆ ಎಸೆಯಲೇ ಇಲ್ಲ. ಕೋರ್ಟಿಗೆ ಹೋದರು. ಗೆದ್ದವರ ಬೋನಸ್ ದುಡ್ಡು ದಾನಕ್ಕೆ ಹೋಗಲಿ ಅಂತಲೂ ಕೇಳಿದರು. ಇಲ್ಲಿ ತಮಾಷೆ ಮಾಡೋಕೆ ನನಗೆ ಮನಸ್ಸಿಲ್ಲ. ಒಬ್ಬನ ಹೊಟ್ಟೆಪಾಡಿನ ಮೇಲೆ ಡಬ್ಬಿ ಬಡಿದು, ಚಾಂಪಿಯನ್ನರ ಉಂಗುರ ತೊಟ್ಟುಕೊಂಡು, ಈಗ ಮುಂದೆ ನೋಡೋಣ ಅಂತಾರೆ. ಥೂ.

ಈಗ ಪರಿಹಾರ ಬಂದಿದೆ. 2022ರಿಂದ ಪಿಚ್‌ಕಾಮ್. ಕ್ಯಾಚರ್ ಮೈಮೇಲಿನ ಯಂತ್ರದ ಗುಂಡಿ ಒತ್ತಿದರೆ ಪಿಚರ್‌ನ ಟೋಪಿಯೊಳಗೆ ದನಿ ಬರುತ್ತೆ. ಮೈಗೆ ಯಂತ್ರ ಕಟ್ಟಿದರೆ ಕಳ್ಳ ಅಂದವರೇ ಯಂತ್ರ ಕಟ್ಟಿಸಿದರು, ಸಂತೋಷ. ಆದರೆ ಪಿಚರ್ ಮ್ಯಾಕ್ಸ್ ಶೆರ್ಜರ್‌ಗೆ ಬೇಜಾರು. ಚೆನ್ನಾಗಿಯೇ ಕೆಲಸ ಮಾಡುತ್ತೆ, ಆದರೂ ಇದು ಇರಬಾರದು ಅಂದರು. ಸಂಕೇತ ಕದಿಯೋದೂ ಆಟದ ಭಾಗವಂತೆ, ಯಂತ್ರ ಬಂದು ಆ ಕಸುಬು ಹೋಗ್ತಾ ಇದೆಯಂತೆ. ಯಂತ್ರದಿಂದ ಹೊಟ್ಟೆಗೆ ಹೊಡೆತ ಬೀಳೋದು ಕೈಮಗ್ಗದವರಿಗೆ ಮಾತ್ರ ಅಂದುಕೊಂಡಿದ್ದೆ.