ಸಾಹೇಬ್ರು ಮೊದಲು, ಜಾಕೆಟ್ ಆಮೇಲೆ

ದಾವಣಗೆರೆಯವರು ಸಮುದ್ರ ನೋಡಬೇಕಾದರೆ ಘಟ್ಟ ಇಳಿಯಬೇಕು. ಬಹುಶಃ ಅದಕ್ಕೇ ಇರಬೇಕು, ನಡುನೀರಿನಲ್ಲಿ ಹಡಗು ಮುಳುಗಿದರೆ ಯಾರನ್ನು ಮೊದಲು ಎತ್ತಬೇಕು ಅನ್ನುವ ವಿಷಯದಲ್ಲಿ ನಮಗಿರುವಷ್ಟು ಖಾತ್ರಿ ಕಾರವಾರ, ಮಲ್ಪೆಯವರಿಗೂ ಇಲ್ಲ. ಸಂಜೆ ಮಂಡಕ್ಕಿ ಅಂಗಡಿ ಮುಂದೆ ಐದು ನಿಮಿಷ ನಿಂತರೆ ತೀರ್ಪು ಸಿಗುತ್ತದೆ. ಒಬ್ಬರು ಮಿರ್ಚಿ ಮುರಿಯುತ್ತಾ, "ಹೆಂಗಸರು, ಮಕ್ಕಳು ಮೊದ್ಲು. ಅದು ಕಾನೂನೈತ್ರೀ" ಅನ್ನುತ್ತಾರೆ. ಇನ್ನೊಬ್ಬರು, "ಅಲ್ರೀ ಯಜಮಾನ್ರೆ, ದೋಣ್ಯಾಗೆ ಸಾಹೇಬ್ರು ಇದ್ರೆ? ಅವರನ್ನ ಬಿಟ್ಟು ಬೇರೆಯವ್ರನ್ನ ಎತ್ತಿದ್ರೆ ಮಾರನೇ ದಿನ ಟ್ರಾನ್ಸ್‌ಫರ್ರು" ಅನ್ನುತ್ತಾರೆ. ಮೂರನೆಯವರು ಚಹಾ ಲೋಟ ಕೆಳಗಿಟ್ಟು, "ಏನೇ ಆಗ್ಲಿ, ಕ್ಯಾಪ್ಟನ್ ಕೊನೀಗೆ ಇಳೀತಾನೆ" ಅಂತ ಮುಗಿಸುತ್ತಾರೆ.

ಮೂರೂ ತಪ್ಪು. ಎರಡನೆಯದು ಮಾತ್ರ ನಮ್ಮಲ್ಲಿ ಜಾರಿಯಲ್ಲಿದೆ.

ಹೆಂಗಸರು, ಮಕ್ಕಳು ಮೊದಲು ಅನ್ನುವುದು ಅಂತರರಾಷ್ಟ್ರೀಯ ಕಡಲ ಕಾನೂನಿನಲ್ಲಿ ಇಲ್ಲ. ಹಡಗುಗಳ ಸುರಕ್ಷತೆಗೆ ದೇಶದೇಶಗಳು ಒಪ್ಪಿರುವ ಸೋಲಾಸ್ ಒಪ್ಪಂದದಲ್ಲಿ ದೋಣಿ ಎಷ್ಟಿರಬೇಕು, ತೇಲಿಸುವ ಲೈಫ್ ಜಾಕೆಟ್ ಎಷ್ಟಿರಬೇಕು, ಅಪಾಯದ ಸೈರನ್ ಹೇಗೆ ಊದಬೇಕು (ಏಳು ಅಥವಾ ಹೆಚ್ಚು ಗಿಡ್ಡ, ಕೊನೆಗೊಂದು ಉದ್ದ) ಎಲ್ಲ ಇದೆ. ಪ್ರಯಾಣಿಕರಲ್ಲಿ ಯಾರು ಮೊದಲು ಎಂಬ ಸಾಲು ಮಾತ್ರ ಇಲ್ಲ. ಆ ಮಾತಿಗೆ ಹೆಸರು ತಂದಿದ್ದು ಬರ್ಕನ್‌ಹೆಡ್ ಎಂಬ ಬ್ರಿಟಿಷ್ ಸೇನಾ ಹಡಗು. 1852ರ ಫೆಬ್ರವರಿ 26ರಂದು ಅದು ದಕ್ಷಿಣ ಆಫ್ರಿಕದ ತೀರದಲ್ಲಿ ಬಂಡೆಗೆ ಬಡಿಯಿತು. ಇಳಿಸಲು ಸಾಧ್ಯವಾದ ಕೆಲವೇ ದೋಣಿಗಳಲ್ಲಿ ಒಂದಕ್ಕೆ ಹೆಂಗಸರು ಮಕ್ಕಳನ್ನು ಹತ್ತಿಸಿದರು. ಎಲ್ಲರೂ ಒಟ್ಟಿಗೆ ನುಗ್ಗಿದರೆ ದೋಣಿಗಳೇ ಮಗುಚುತ್ತವೆ ಎಂದು ಸೈನಿಕರು ಡೆಕ್ ಮೇಲೆ ನಿಂತರು. ಹೆಂಗಸರು ಮಕ್ಕಳೆಲ್ಲ ಉಳಿದರು, ನೂರಾರು ಸೈನಿಕರು ಸತ್ತರು. ಜಗತ್ತು ಅವರ ಶಿಸ್ತನ್ನು ಹೊಗಳಿತು. ಅಷ್ಟು ಜನರನ್ನು ಹೊತ್ತ ಹಡಗಿನಲ್ಲಿ ದೋಣಿ ಯಾಕೆ ಸಾಲಲಿಲ್ಲ ಎಂಬ ಮಾತು ಹಿಂದೆ ಬಿತ್ತು. ಹೊಗಳಿಕೆಗೆ ಖರ್ಚಿಲ್ಲ ನೋಡಿ, ದೋಣಿಗೆ ಖರ್ಚಿದೆ.

ಅರವತ್ತು ವರ್ಷ ಕಳೆದು ಟೈಟಾನಿಕ್. ಹತ್ತು ಸಾವಿರ ಟನ್ ಮೀರಿದ ಹಡಗಿಗೆ 16 ದೋಣಿ ಸಾಕು ಎಂಬುದು ಅಂದಿನ ಬ್ರಿಟಿಷ್ ನಿಯಮ. ಟೈಟಾನಿಕ್ ನಲವತ್ತಾರು ಸಾವಿರ ಟನ್ ದಾಟಿತ್ತು, ಆದರೆ ನಿಯಮ ಬರೆದವರ ಪೆನ್ನು ಹತ್ತು ಸಾವಿರಕ್ಕೇ ನಿಂತಿತ್ತು. ಹಡಗಿನಲ್ಲಿದ್ದ ದೋಣಿ 20. ಅಂದರೆ ನಿಯಮಕ್ಕಿಂತ ನಾಲ್ಕು ಹೆಚ್ಚೇ, ಆಡಿಟ್ ಆಕ್ಷೇಪಣೆ ಇಲ್ಲ! ಆ 20ರಲ್ಲಿ 1,178 ಜನರಿಗೆ ಜಾಗ, ಹಡಗಿನಲ್ಲಿ 2,200ಕ್ಕೂ ಹೆಚ್ಚು ಜನ. ಇನ್ನು ಆದೇಶದ ಕಥೆ. ಎಡಬದಿಯಲ್ಲಿ ನಿಂತ ಅಧಿಕಾರಿ ಲೈಟೊಲರ್ "ಹೆಂಗಸರು, ಮಕ್ಕಳು ಮಾತ್ರ" ಅಂತ ಅರ್ಥ ಮಾಡಿಕೊಂಡ. ಬಲಬದಿಯ ಮರ್ಡಾಕ್ "ಹೆಂಗಸರು ಮಕ್ಕಳು ಮೊದಲು, ಜಾಗ ಮಿಕ್ಕರೆ ಗಂಡಸರು" ಅಂತ ತಿಳಿದುಕೊಂಡ. ಒಂದೇ ಸುತ್ತೋಲೆಗೆ ಎರಡು ಟೇಬಲ್‌ನಲ್ಲಿ ಎರಡು ಅರ್ಥ. ನೀವು ಗಂಡಸಾಗಿದ್ದರೆ ಯಾವ ಬದಿಗೆ ಓಡಿದಿರಿ ಎಂಬುದರ ಮೇಲೆ ಆಯಸ್ಸು. ಇಷ್ಟರ ನಡುವೆ ಮೊದಲು ಇಳಿದ ದೋಣಿಯಲ್ಲಿ 65 ಜನರ ಜಾಗಕ್ಕೆ 28ರಷ್ಟು ಜನ ಕೂತಿದ್ದರು.

ಈ ಪಾಠ ಕಲಿತು 1914ರಲ್ಲಿ ಮೊದಲ ಸೋಲಾಸ್ ಬಂತು. ಈಗ ದೂರ ಸಾಗುವ ಪ್ರಯಾಣಿಕರ ಹಡಗಿನಲ್ಲಿ ನೂರು ಜನರಿದ್ದರೆ ದೋಣಿ, ರಾಫ್ಟ್ ಎಲ್ಲ ಸೇರಿ 125 ಜನರಿಗೆ ಜಾಗ ಇರಬೇಕು. ಜನ ಜಾಕೆಟ್ ತೊಟ್ಟು ಸೇರಿದ ಮೇಲೆ, ಹಡಗು ಬಿಡುವ ಸೂಚನೆ ಬಂದ 30 ನಿಮಿಷದೊಳಗೆ ಎಲ್ಲರೂ ಆಚೆ ಇರಬೇಕು. ಯಾರು ಮೊದಲು ಎಂಬ ಜಗಳವೇ ಹುಟ್ಟದಂತೆ ಹಾಕಿದ ಲೆಕ್ಕ ಇದು.

ನಮಗೆ ಈ ಲೆಕ್ಕ ಒಗ್ಗುವುದಿಲ್ಲ. ಎಲ್ಲರಿಗೂ ಸೀಟಿದ್ದರೆ ಶಿಫಾರಸು ಪತ್ರಕ್ಕೆ ಏನು ಬೆಲೆ?

ಹಾಗಾಗಿ ನಮ್ಮ ಕಡೆಯ ಯಾವುದಾದರೂ ಕೆರೆಯಲ್ಲಿ ಬೋಟಿಂಗ್ ಶುರುವಾಗಿ, ರಕ್ಷಣಾ ಆದ್ಯತಾ ಪಟ್ಟಿ ಮಾಡಲು ಸಭೆ ಕೂತರೆ, ಕರಡು ಹೇಗಿರುತ್ತದೆ ಎಂದು ಈಗಲೇ ಹೇಳಬಹುದು. ಮೊದಲು ಹಾಲಿಗಳು. ಆಮೇಲೆ ಮಾಜಿಗಳು. ಹಾಲಿಯ ಗನ್‌ಮ್ಯಾನ್ ಮಾಜಿಗಿಂತ ಮುಂದೋ ಹಿಂದೋ ಎಂಬ ಬಗ್ಗೆ ಉಪಸಮಿತಿ. ನಿಗಮ ಮಂಡಳಿಯ ಅಧ್ಯಕ್ಷರು, ನಂತರ ಅಧ್ಯಕ್ಷಗಿರಿ ಕೈತಪ್ಪಿದವರು. ಇವರು ಮುನಿಸಿಕೊಂಡು ದೋಣಿ ಹತ್ತಲು ಒಪ್ಪುವುದಿಲ್ಲ, ಓಲೈಸಲು ಐದು ನಿಮಿಷ ಮೀಸಲು. ಬಳಿಕ ಗುತ್ತಿಗೆದಾರರು, ಬಿಲ್ ಬಾಕಿ ಇರುವವರಿಗೆ ಆದ್ಯತೆ, ಏಕೆಂದರೆ ಅವರು ಮುಳುಗಿದರೆ ಜೊತೆಗೆ ಇನ್ನೂ ಹಲವರು ಮುಳುಗುತ್ತಾರೆ. ಸಾರ್ವಜನಿಕರು ಆಧಾರ್ ಜೆರಾಕ್ಸ್ ಎರಡು ಪ್ರತಿಯೊಂದಿಗೆ ಖುದ್ದು ಹಾಜರಿರತಕ್ಕದ್ದು. ಒಟಿಪಿ ಬಾರದಿದ್ದಲ್ಲಿ ಮುಳುಗುವುದನ್ನು ಮುಂದೂಡತಕ್ಕದ್ದು. ಟವೆಲ್ ಎಸೆದು ಹಿಡಿದ ಸೀಟನ್ನು, ಬಸ್ ನಿಲ್ದಾಣದ ವಾಡಿಕೆಯಂತೆ, ಮಾನ್ಯ ಮಾಡತಕ್ಕದ್ದು.

ಇದಕ್ಕೆ ಆಧಾರ ಕೇಳಿದರೆ ಯಾರಾದರೂ ಕೇಂದ್ರ ಸರ್ಕಾರದ ಗೌರವಾನುಕ್ರಮದ ಪಟ್ಟಿ ತೆಗೆಯುತ್ತಾರೆ. 26 ದರ್ಜೆಗಳ ಪಟ್ಟಿ ಅದು. ರಾಷ್ಟ್ರಪತಿ 1, ಸಂಸದರು 21. ಅದು ಸರ್ಕಾರಿ ಸಮಾರಂಭಗಳಿಗೆ ಮಾತ್ರ, ದಿನನಿತ್ಯದ ಕೆಲಸಕ್ಕೆ ಅನ್ವಯಿಸದು ಎಂದು ಅದರಲ್ಲೇ ಬರೆದಿದೆ. ಆದರೆ ನಮ್ಮಲ್ಲಿ ಸಮಾರಂಭ ಅಲ್ಲದ್ದು ಯಾವುದಿದೆ? ಕಡಲಲ್ಲಿ ಹುಡುಕಾಟ, ರಕ್ಷಣೆಗೆ 1979ರಲ್ಲಿ ಹ್ಯಾಂಬರ್ಗ್‌ನಲ್ಲಿ ಆದ ಒಪ್ಪಂದ ಬೇರೆಯೇ ಹೇಳುತ್ತದೆ: ಅಪಾಯದಲ್ಲಿರುವವನ ರಾಷ್ಟ್ರ, ಸ್ಥಾನಮಾನ, ಅವನು ಯಾವ ಪರಿಸ್ಥಿತಿಯಲ್ಲಿ ಸಿಕ್ಕ ಎಂಬುದನ್ನು ನೋಡದೆ ನೆರವಾಗಬೇಕು. ಸ್ಥಾನಮಾನ ನೋಡಬೇಡಿ ಅಂದರೆ ನಮ್ಮ ಸಭೆಯ ಅರ್ಧ ಅಜೆಂಡಾ ಅಲ್ಲಿಗೇ ಖಾಲಿ.

ಕ್ಯಾಪ್ಟನ್ ಕೊನೆಗೆ ಎಂದವರಿಗೂ ಒಂದು ಮಾತು. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಇಬ್ಬರು ಅರ್ಥಶಾಸ್ತ್ರಜ್ಞರು 18 ಹಡಗು ದುರಂತಗಳ ಲೆಕ್ಕ ತೆಗೆದು 2012ರಲ್ಲಿ ಪ್ರಕಟಿಸಿದರು. ಬದುಕಿ ಬಂದವರು ಸಿಬ್ಬಂದಿಯಲ್ಲಿ ನೂರಕ್ಕೆ 61, ಕ್ಯಾಪ್ಟನ್‌ಗಳಲ್ಲಿ 44, ಗಂಡಸು ಪ್ರಯಾಣಿಕರಲ್ಲಿ 37, ಹೆಂಗಸರಲ್ಲಿ 27, ಮಕ್ಕಳಲ್ಲಿ 15. ಪದ್ಯದಲ್ಲಿ ಇರುವ ಕ್ರಮವನ್ನು ತಲೆಕೆಳಗು ಮಾಡಿದರೆ ಗದ್ಯ ಸಿಗುತ್ತದೆ. ಅದೇ ವರ್ಷದ ಜನವರಿ 13ರಂದು ಇಟಲಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಮಗುಚಿ 32 ಜನ ಸತ್ತರು. ಜನ ಇನ್ನೂ ಹಡಗಿನಲ್ಲಿರುವಾಗಲೇ ದಡ ಸೇರಿದ್ದ ಕ್ಯಾಪ್ಟನ್, ತಾನು ಎಡವಿ ಲೈಫ್‌ಬೋಟಿಗೆ ಬಿದ್ದೆ ಎಂದು ಹೇಳಿಕೊಂಡ. ನ್ಯಾಯಾಲಯ 16 ವರ್ಷ ಜೈಲು ಕೊಟ್ಟಿತು. 2014ರ ಏಪ್ರಿಲ್ 16ರಂದು ದಕ್ಷಿಣ ಕೊರಿಯದ ಸೆವೋಲ್ ಹಡಗು ವಾಲಿದಾಗ ಶಾಲಾಮಕ್ಕಳಿಗೆ "ಇದ್ದಲ್ಲೇ ಇರಿ" ಎಂದು ಮೈಕಿನಲ್ಲಿ ಹೇಳಿದರು, ಕ್ಯಾಪ್ಟನ್ ಮೊದಮೊದಲ ದೋಣಿಯಲ್ಲೇ ಹೊರಟ. ಹೇಳಿದ ಮಾತನ್ನು ಮಕ್ಕಳು ಕೇಳಿದರು. ಒಟ್ಟು ಸತ್ತವರು 304.

ಇದೆಲ್ಲ ಕಡಲಿನ ಮಾತು, ಬರದ ಸೀಮೆಗೇಕೆ ಅನ್ನುವ ನೆಪವೂ ಈಗ ಉಳಿದಿಲ್ಲ. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ 2022ರಲ್ಲಿ ಬಿತ್ತು, 2025ರ ಜನವರಿಯಲ್ಲಿ ಇನ್ನೊಮ್ಮೆ. ಚನ್ನಗಿರಿ ಕಡೆ ಸೂಳೆಕೆರೆ ಇದೆ, ಹರಿಹರದಲ್ಲಿ ಹೊಳೆ ಇದೆ, ಊರೂರಿಗೂ ಕೃಷಿ ಹೊಂಡ ಇದೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಸತ್ತ 16 ಜನರಲ್ಲಿ ಬಯಲುಸೀಮೆಯವರೂ ಇದ್ದರು. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ಪ್ರವಾಸಕ್ಕೆ ಬಂದಿದ್ದ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಮುಳುಗಿದರು. ದೋಣಿಗೆ ಮಿತಿಮೀರಿ ಜನ ಹತ್ತಿದ್ದರು, ಜಾಕೆಟ್ ಎಲ್ಲರಿಗೂ ಇರಲಿಲ್ಲ. ಅದು ಸಮುದ್ರವಲ್ಲ, ಊರೊಳಗಿನ ಕೆರೆ.

ಪಟ್ಟಿ ಮಾಡುವವರು ಪಟ್ಟಿ ಬದಿಗಿಟ್ಟು ಒಂದು ಜಾಕೆಟ್ ಕೈಗೆತ್ತಿಕೊಳ್ಳಲಿ. ಮೊದಲು ಫೋಮ್ ಹಿಚುಕಿ ನೋಡಬೇಕು: ಒತ್ತಿದ ಜಾಗ ಮೇಲೇಳದಿದ್ದರೆ, ಒಳಗೆ ಪುಡಿಯಾದ ಸದ್ದು ಬಂದರೆ ಅದು ತೇಲಿಸುವುದಿಲ್ಲ. ದೋಣಿಯ ಹಲಗೆ ಒತ್ತುತ್ತದೆಂದು ಜಾಕೆಟ್ ಮೇಲೆ ಕೂರುವ ಚಾಳಿಯಿಂದಲೇ ಅರ್ಧ ಹಾಳಾಗುವುದು. ಮಿಕ್ಕರ್ಧ ಬಿಸಿಲಿಗೆ ಬಟ್ಟೆ, ಹೊಲಿಗೆ ಲಡ್ಡಾಗಿ ಹೋಗುತ್ತದೆ. ಆಮೇಲೆ ಬಕಲ್. ಮೂರರಲ್ಲಿ ಒಂದು ಮುರಿದಿದ್ದರೂ ಎಸೆಯಬೇಕು, ದಾರದಿಂದ ಗಂಟು ಹಾಕಿದರೆ ಒದ್ದೆಯಾದ ಮೇಲೆ ಬಿಗಿ ಉಳಿಯದು. ತೊಟ್ಟ ಮೇಲೆ ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಿರಿ. ಜಾಕೆಟ್ ಗಲ್ಲ ದಾಟಿ ಕಿವಿಗೆ ಬಂದರೆ ಅಳತೆ ತಪ್ಪು. ಮಗುವಿಗೆ ದೊಡ್ಡವರ ಜಾಕೆಟ್ ಹಾಕಿದಾಗ ಆಗುವುದೇ ಇದು: ಜಾಕೆಟ್ ತೇಲುತ್ತದೆ, ಮಗು ಕೆಳಗಿನಿಂದ ಜಾರಿ ಹೋಗುತ್ತದೆ. ಅದಕ್ಕೇ ಮಕ್ಕಳ ಜಾಕೆಟ್‌ಗೆ ತೊಡೆಸಂದಿಯಲ್ಲಿ ಹಾಯುವ ಪಟ್ಟಿ ಇರುತ್ತದೆ, ಕಿರಿಕಿರಿ ಎಂದು ನಾವು ಅದನ್ನೇ ಕಟ್ಟುವುದಿಲ್ಲ. ನೀರಿನಲ್ಲಿ ದೊಡ್ಡವರ ತಲೆ ಮೇಲಿಡಲು ನಾಲ್ಕೈದು ಕೆಜಿ ಎತ್ತುಬಲ ಸಾಕು. ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನ್ ಹೆಚ್ಚುಕಡಿಮೆ ಅಷ್ಟು ಕೊಡುತ್ತದೆ. ಅದಕ್ಕೆ ಟೆಂಡರ್ ಕರೆಯಲು ಬರುವುದಿಲ್ಲ, ಹಾಗಾಗಿ ಯಾವ ಯೋಜನೆಯಲ್ಲೂ ಅದು ಇಲ್ಲ.

ದೋಣಿ ವಾಲಿದಾಗ ಎಲ್ಲರೂ ಎದ್ದು ನಿಲ್ಲುವುದು ಇನ್ನೊಂದು ಖಾಯಿಲೆ. ಒಂದು ಬದಿಯಲ್ಲಿ ಹಕ್ಕಿ ಕಂಡಿತು, ಸಾಹೇಬರು ಕೈಬೀಸಿದರು, ಸೆಲ್ಫಿಗೆ ಬೆಳಕು ಚೆನ್ನಾಗಿದೆ, ಕಾರಣ ಏನಾದರೂ ಇರಲಿ. ಭಾರ ಮೇಲಕ್ಕೂ ಪಕ್ಕಕ್ಕೂ ಒಟ್ಟಿಗೆ ಸರಿದರೆ ದೋಣಿಗೆ ಬೇರೆ ದಾರಿ ಇಲ್ಲ. ಕೂತು, ಅಂಚು ಹಿಡಿದುಕೊಳ್ಳಬೇಕು. ಮಗುಚಿಯೇ ಹೋದರೆ ಅದನ್ನೇ ಹಿಡಿದು ತೇಲಬೇಕು, ದಡ ಹತ್ತಿರ ಕಾಣುತ್ತದೆಂದು ಈಜಲು ಹೊರಡಬಾರದು.

ಇನ್ನು ನಿಜವಾಗಿ ಯಾರು ಮೊದಲು? ಹಿಡಿಯಲು ಏನೂ ಇಲ್ಲದೆ ನೀರಿನಲ್ಲಿರುವವನು ಮೊದಲು, ಏನಾದರೂ ಹಿಡಿದವನು ಆಮೇಲೆ, ದೋಣಿಯಲ್ಲಿ ಕೂತವನು ಕೊನೆಗೆ. ಇಬ್ಬರಿದ್ದರೆ ಕೈಗೆ ಹತ್ತಿರವಿರುವವನು. ಕೂಗುತ್ತಿರುವವನು ಇನ್ನೂ ಉಸಿರಾಡುತ್ತಿದ್ದಾನೆ, ಸುಮ್ಮನಾದವನ ಕಡೆ ನೋಡಿ. ಮುಳುಗುವವನು ಕೈ ಬೀಸುವುದಿಲ್ಲ: ಬಾಯಿ ನೀರಿನ ಮಟ್ಟದಲ್ಲಿ, ತಲೆ ಹಿಂದಕ್ಕೆ ವಾಲಿ, ಎರಡೂ ಕೈ ಪಕ್ಕದಲ್ಲಿ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ಇಪ್ಪತ್ತರಿಂದ ಅರವತ್ತು ಸೆಕೆಂಡು, ಅಷ್ಟೇ. ದಡದಲ್ಲಿ ನಿಂತವರ ಮೊಬೈಲ್ ಅನ್‌ಲಾಕ್ ಆಗಿ, ಕ್ಯಾಮೆರಾ ಅಡ್ಡಕ್ಕೆ ತಿರುಗಿ, "ಫ್ರೆಂಡ್ಸ್" ಎಂದು ಶುರುವಾಗುವ ಹೊತ್ತಿಗೆ ಅದು ಮುಗಿದಿರುತ್ತದೆ. ನಮ್ಮಲ್ಲಿ ಪಟ್ಟಿಯ ಮೇಲ್ತುದಿಯಲ್ಲಿರುವವರ ಒಂದು ವಿಶೇಷವೆಂದರೆ ಅವರು ಎಂದೂ ಸುಮ್ಮನಾಗುವುದಿಲ್ಲ. ಆ ಲೆಕ್ಕದಲ್ಲಿ ಅವರ ಸರದಿ ಬಹಳ ಹಿಂದೆ.

ಈಜು ಬಲ್ಲೆನೆಂದು ಹಾರುವುದಕ್ಕಿಂತ ದಡದಲ್ಲಿ ಬೋರಲು ಮಲಗಿ ಪಂಚೆಯೋ ಸೀರೆಯೋ ಗಳವೋ ಚಾಚುವುದು ಮೇಲು. ಮುಳುಗುವವನು ಹತ್ತಿರ ಬಂದವನ ಹೆಗಲನ್ನೇ ಮೆಟ್ಟಿಲು ಮಾಡಿಕೊಳ್ಳುತ್ತಾನೆ, ಒಂದು ಹೆಣ ಎರಡಾಗುವುದು ಹೀಗೆ. ಹಗ್ಗವನ್ನು ಅವನ ಮೇಲಕ್ಕಲ್ಲ, ಭುಜದಾಚೆ ಬೀಳುವಂತೆ ಎಸೆದರೆ ಎಳೆಯುವಾಗ ಕೈಗೆ ಸಿಗುತ್ತದೆ. ಕೃಷಿ ಹೊಂಡದಲ್ಲಿ ಇಳಿಜಾರಿಗೆ ಹಾಸಿದ ಪ್ಲಾಸ್ಟಿಕ್ ಪಾಚಿ ಕಟ್ಟಿ ಜಾರುತ್ತದೆ, ಈಜು ಬಂದವನೂ ಮೇಲೆ ಹತ್ತಲಾರ. ಗೂಟಕ್ಕೆ ಕಟ್ಟಿ ಇಳಿಬಿಟ್ಟ ಗಂಟು ಗಂಟಿನ ಹಗ್ಗ, ತುದಿಗೊಂದು ಹಳೇ ಟೈರು ಸದಾ ಇರಬೇಕು. ಮೇಲೆ ತಂದವನನ್ನು ಹೆಗಲ ಮೇಲೆ ಹೊತ್ತು ಗರಗರ ತಿರುಗಿಸುವುದು, ಹೊಟ್ಟೆ ಅಮುಕುವುದು ಬೇಡ. ಹೊಟ್ಟೆಯದೆಲ್ಲ ಶ್ವಾಸಕೋಶಕ್ಕೆ ನುಗ್ಗುತ್ತದೆ. ಉಸಿರಿಲ್ಲದಿದ್ದರೆ 108ಕ್ಕೆ ಒಬ್ಬರು ಫೋನ್ ಮಾಡುತ್ತಿರುವಾಗ ಇನ್ನೊಬ್ಬರು ಬಾಯಿಗೆ ಬಾಯಿಟ್ಟು ಐದು ಸಲ ಗಾಳಿ ಊದಿ, ಆಮೇಲೆ ಎದೆ ಮಧ್ಯೆ 30 ಸಲ ಒತ್ತುವುದು, ಎರಡು ಸಲ ಊದುವುದು, ಹೀಗೇ ಆಂಬುಲೆನ್ಸ್ ಬರುವವರೆಗೆ.

ಇದಿಷ್ಟನ್ನು ಸಭೆಯಲ್ಲಿ ಹೇಳಿದರೆ ಒಪ್ಪುತ್ತಾರೆ. ತಕ್ಷಣ ಜಾಕೆಟ್ ವಿತರಣಾ ಸಮಾರಂಭ ಏರ್ಪಾಡಾಗುತ್ತದೆ. ಶಾಮಿಯಾನ, ಪ್ರಾರ್ಥನೆ, ಸ್ವಾಗತ. ಗಣ್ಯರಿಗೆ ಶಾಲು, ಹಾರ, ಪೇಟದ ಮೇಲಿಂದ ಒಂದೊಂದು ಜಾಕೆಟ್ ತೊಡಿಸಿ ಫೋಟೊ. ಪ್ಲಾಸ್ಟಿಕ್ ಕವರ್ ತೆಗೆಯುವುದಿಲ್ಲ, ಕೊಳೆಯಾಗುತ್ತದೆ. ತೊಡೆಸಂದಿಯ ಪಟ್ಟಿ ಕಟ್ಟುವ ಧೈರ್ಯ ಯಾರಿಗೂ ಇಲ್ಲ. ಕಾರ್ಯಕ್ರಮ ಮುಗಿದ ಮೇಲೆ ಗಣ್ಯರು ತೊಟ್ಟದ್ದು ಗಣ್ಯರ ಕಾರಿನಲ್ಲೇ ಹೋಗುತ್ತದೆ. ಉಳಿದದ್ದನ್ನು ಎಣಿಸಿ, ಸ್ಟಾಕ್ ಬುಕ್ಕಿಗೆ ಏರಿಸಿ, ಕೋಣೆಯಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ತಾಲೂಕು ಕೇಂದ್ರದ ಕಚೇರಿಗೆ ಕಳಿಸುತ್ತಾರೆ. ಕಚೇರಿಗೆ ಭಾನುವಾರ, ಎರಡನೇ ಶನಿವಾರ, ನಾಲ್ಕನೇ ಶನಿವಾರ ರಜೆ. ಕೆರೆಗೆ ಜನ ಬರುವುದೂ ಅವತ್ತೇ.