ಆ ಹುಡುಗ ನುಡಿಸಿದ್ದು ಯಾರಿಗೂ ಕೇಳಿಸಲಿಲ್ಲ

ನಿನ್ನೆ ಗೋಣಿಕೊಪ್ಪದಲ್ಲಿ ನೆಂಟರ ಕಡೆಯ ಒಂದು ರಿಸೆಪ್ಷನ್. ಸ್ಟೇಜ್ ಮೇಲೆ ಹೊರಗಿನಿಂದ ಕರೆಸಿದ ಆರ್ಕೆಸ್ಟ್ರಾ. ಹಾಡುವವರು ಚೆನ್ನಾಗಿದ್ದರು, ಡ್ರಮ್ಮರ್ ಇನ್ನೂ ಚೆನ್ನಾಗಿದ್ದ. ಕೀಬೋರ್ಡ್ ಹಿಂದೆ, ಬೆಳಕು ಸರಿಯಾಗಿ ಬೀಳದ ಜಾಗದಲ್ಲಿ ಒಬ್ಬ ಹುಡುಗ ಬೇಸ್ ಗಿಟಾರ್, ಅಂದರೆ ಕೆಳಗಿನ ಸ್ವರಗಳನ್ನು ಕೊಡೋ ದಪ್ಪ ತಂತಿಯ ಗಿಟಾರ್, ನುಡಿಸುತ್ತಿದ್ದ. ನಾನೂ ಬೇಸ್ ನುಡಿಸೋನು, ನನಗೆ ಕಣ್ಣು ಹೋಗೋದೇ ಅಲ್ಲಿಗೆ. ಹತ್ತಿರ ಹೋಗಿ ನಿಂತೆ. ಬಲಗೈಯ ಎರಡು ಬೆರಳು ಒಂದಾದ ಮೇಲೆ ಒಂದು, ಒಂದೇ ತೂಕದಲ್ಲಿ ಬೀಳುತ್ತಿದ್ದವು. ಎಡಗೈ ಸ್ವರ ಮುಗಿದ ಕೂಡಲೇ ತಂತಿಯನ್ನು ಸುಮ್ಮನಾಗಿಸುತ್ತಿತ್ತು. ವರ್ಷಗಟ್ಟಲೆ ಕೂತು ಕಲಿತವನು ಅಂತ ನೋಡಿದರೇ ಗೊತ್ತಾಗುತ್ತೆ.

ಆದರೆ ಅವನು ನುಡಿಸಿದ ಒಂದು ಸ್ವರವೂ ಕೇಳಿಸಲಿಲ್ಲ. ಒಂದೂ ಇಲ್ಲ. ಹಾಲ್ ತುಂಬ ಬರೀ ಸಬ್‌ವೂಫರ್‌ನ, ಅಂದರೆ ಕೆಳಗಿನ ಸದ್ದಿಗೆಂದೇ ಇರೋ ದೊಡ್ಡ ಸ್ಪೀಕರ್‌ನ, ಧಂ ಧಂ ಧಂ. ಊಟದ ಟೇಬಲ್ ಮೇಲಿನ ಸ್ಟೀಲ್ ಲೋಟಗಳು ನಡುಗಿ ಒಂದಕ್ಕೊಂದು ತಾಗುತ್ತಿದ್ದವು.

ಬ್ರೇಕ್‌ನಲ್ಲಿ ಸೌಂಡ್ ನೋಡಿಕೊಳ್ಳುತ್ತಿದ್ದವರ ಹತ್ತಿರ ಹೋದೆ. "ಬೇಸ್ ಗಿಟಾರ್ ಸ್ವಲ್ಪ ಮೇಲೆ ತರ್ತೀರಾ?" ಅಂದೆ. ಮಿಕ್ಸರ್ (ಒಂದೊಂದು ವಾದ್ಯದ ಸದ್ದನ್ನೂ ಬೇರೆ ಬೇರೆಯಾಗಿ ಏರಿಸಿ ಇಳಿಸೋ ಯಂತ್ರ) ನೋಡಿದರೆ ಆ ಹುಡುಗನ ಚಾನೆಲ್ ಪೂರ್ತಿ ಕೆಳಗೆ. ಅವರು ಹೇಳಿದ್ದು ಇಷ್ಟು: "ಅಣ್ಣಾ, ಅದು ಕೇಳಿಸಿದ್ರೂ ಒಂದೇ, ಕೇಳಿಸದಿದ್ರೂ ಒಂದೇ. ಜನಕ್ಕೆ ಗೊತ್ತಾಗಲ್ಲ."

ರಾತ್ರಿಯಿಡೀ ಆ ಮಾತು ತಲೆಯಿಂದ ಹೋಗಿಲ್ಲ. ಅದಕ್ಕೇ ಬರೀತಿದ್ದೇನೆ. ಉದ್ದ ಆಗುತ್ತೆ, ಸಮಯ ಇದ್ದವರು ಓದಿ.

ಬೇಸ್ ಗಿಟಾರ್ ನುಡಿಸೋದು ಸ್ವರವನ್ನು. ಅದಕ್ಕೊಂದು ರಾಗ ಇದೆ, ನಡೆ ಇದೆ. ಹಾಡು ಯಾವ ಶ್ರುತಿಯ ಮೇಲೆ ನಿಂತಿದೆ, ಮುಂದೆ ಎಲ್ಲಿಗೆ ಹೋಗುತ್ತೆ ಅಂತ ಕಿವಿಗೆ ಮೊದಲು ಹೇಳೋದೇ ಅದು. ಅದರ ಅತಿ ದಪ್ಪ ತಂತಿಯನ್ನು ಬರಿದೇ ಮೀಟಿದರೆ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತೆ, ಮಾಮೂಲಿ ಗಿಟಾರ್‌ನ ದಪ್ಪ ತಂತಿಗಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗೆ. ಅಷ್ಟು ಕೆಳಗಿನ ಸ್ವರದ ಒಂದು ಅಲೆಯ ಉದ್ದವೇ ಎಂಟು ಮೀಟರ್‌ಗೂ ಜಾಸ್ತಿ. ನಮ್ಮ ಕಲ್ಯಾಣ ಮಂಟಪಗಳೋ, ನಾಲ್ಕೂ ಕಡೆ ಕಾಂಕ್ರೀಟ್ ಗೋಡೆ. ಅಲ್ಲಿ ಸಬ್‌ವೂಫರ್‌ಗಳನ್ನು ಮೂಲೆಗೆ ಒತ್ತಿ ಇಟ್ಟು ಫುಲ್ ಕೊಟ್ಟರೆ ಅಲೆಗಳು ಗೋಡೆಗೆ ಹೊಡೆದು ವಾಪಸ್ ಬಂದು ಒಂದರ ಮೇಲೊಂದು ಬೀಳುತ್ತವೆ. ಯಾವ ಸ್ವರ ನುಡಿಸಿದರೂ ಒಂದೇ ಗುಂಯ್ ಅನ್ನೋ ಸದ್ದು. ಅದರ ಮೇಲೆ ಕಿಕ್ ಡ್ರಮ್ (ಡ್ರಮ್ಮರ್ ಕಾಲಲ್ಲಿ ಹೊಡೆಯೋ ದೊಡ್ಡ ಡ್ರಮ್) ಕೂಡ ಅದೇ ಜಾಗದಲ್ಲಿ ಕೂಗುತ್ತೆ. ಅದನ್ನು ಅಷ್ಟು ದಪ್ಪ ಮಾಡಿದ ಮೇಲೆ ಬೇಸ್ ಗಿಟಾರ್‌ಗೆ ನಿಲ್ಲೋಕೆ ಜಾಗ ಎಲ್ಲಿದೆ?

ಅಂದರೆ ಜನಕ್ಕೆ ಗೊತ್ತಾಗಲ್ಲ ಅನ್ನೋದು ಸುಳ್ಳು. ಗೊತ್ತಾಗೋ ಹಾಗೆ ನೀವು ಕೊಡ್ತಾ ಇಲ್ಲ.

ಈ ವಾದ್ಯ ಹುಟ್ಟಿದ್ದೇ ಕೇಳಿಸಲಿ ಅಂತ. ಮೊದಲು ಬ್ಯಾಂಡ್‌ಗಳಲ್ಲಿ ಇದ್ದದ್ದು ಆಳೆತ್ತರದ, ನಿಂತು ನುಡಿಸೋ ಡಬಲ್ ಬೇಸ್. ಡ್ರಮ್ ಮತ್ತು ಎಲೆಕ್ಟ್ರಿಕ್ ಗಿಟಾರ್ ಮಧ್ಯೆ ಅದರ ಸದ್ದು ಮುಳುಗಿ ಹೋಗುತ್ತಿತ್ತು. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಮಾರುಕಟ್ಟೆಗೆ ತಂದ ಬೇಸ್‌ಗೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡೋ ಪಿಕಪ್ ಇತ್ತು, ಆಂಪ್ಲಿಫೈಯರ್‌ಗೆ ಸಿಕ್ಕಿಸಬಹುದಿತ್ತು, ಜೊತೆಗೆ ಕತ್ತಿನ ಮೇಲೆ ಸ್ವರದ ಜಾಗ ಗುರುತಿಸೋ ಲೋಹದ ಅಡ್ಡಪಟ್ಟಿ, ಅಂದರೆ ಫ್ರೆಟ್, ಇತ್ತು. ಸ್ವರ ನಿಖರವಾಗಿ ಬರಲಿ ಅಂತಲೇ ಅದಕ್ಕೆ ಪ್ರಿಸಿಷನ್ ಬೇಸ್ ಅಂತ ಹೆಸರಿಟ್ಟರು. ಎಪ್ಪತ್ತು ವರ್ಷ ಕಳೆದ ಮೇಲೆ ಅದನ್ನೇ ಸ್ಟೇಜ್ ಮೇಲೆ ನಿಲ್ಲಿಸಿ, ಚಾನೆಲ್ ಮುಚ್ಚಿ, ಜನಕ್ಕೆ ಗೊತ್ತಾಗಲ್ಲ ಅಂದರೆ ನನಗೆ ಕೋಪ ಬರಲ್ವಾ?

ಜೇಮ್ಸ್ ಜೇಮರ್ಸನ್ ಬಗ್ಗೆ ಇಲ್ಲಿ ನಾನು ಎಷ್ಟು ಸಲ ಬರೆದಿದ್ದೇನೋ. ಇನ್ನೊಂದು ಸಲ ಬರೆಯುತ್ತೇನೆ. ಅರವತ್ತರ ದಶಕದಲ್ಲಿ ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಹಿಟ್ ಹಾಡುಗಳಲ್ಲಿ ಎಷ್ಟೋ ಹಾಡುಗಳಿಗೆ ಬೇಸ್ ನುಡಿಸಿದ್ದು ಆತ. ಬಲಗೈಯ ಒಂದೇ ತೋರುಬೆರಳಲ್ಲಿ ನುಡಿಸುತ್ತಿದ್ದ. ಪ್ರಪಂಚವೇ ಆ ಹಾಡುಗಳಿಗೆ ಕುಣಿಯಿತು, ಆದರೆ ರೆಕಾರ್ಡ್ ಕವರ್ ಮೇಲೆ ಆತನ ಹೆಸರು ಇರುತ್ತಿರಲಿಲ್ಲ. ಮಾರ್ವಿನ್ ಗೇಯ 1971ರ ಆಲ್ಬಂ ಬಂದಾಗ ಹೆಸರು ಅಚ್ಚಾಯಿತು. ಆತ ತೀರಿಕೊಂಡಿದ್ದು 1983ರಲ್ಲಿ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 2000ದಲ್ಲಿ. ಆತನ ಹೆಸರು ಗೊತ್ತಿಲ್ಲದೆ ಇದ್ದಾಗಲೂ ಜನಕ್ಕೆ ಆತನ ಬೇಸ್ ಗೊತ್ತಿತ್ತು. ಕುಣಿದದ್ದೇ ಅದಕ್ಕೆ.

ಅಷ್ಟು ದೂರ ಯಾಕೆ? ನಮ್ಮ 1981ರ 'ಗೀತಾ' ಸಿನಿಮಾದ ಹಾಡುಗಳನ್ನು ಇವತ್ತು ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಇಳಯರಾಜ ಬೇಸ್ ಗಿಟಾರ್‌ಗೆ ಬೇರೆಯದೇ ಒಂದು ರಾಗ ಬರೆಯುತ್ತಾರೆ. ಹಾಡುವವರು ಮೇಲೆ ಹೋದರೆ ಅದು ಕೆಳಗೆ ಇಳಿಯುತ್ತೆ, ಅವರು ಉಸಿರು ತೆಗೆದುಕೊಳ್ಳುವಾಗ ಅದು ಮಾತಾಡುತ್ತೆ. ಫೋನ್ ಸ್ಪೀಕರ್‌ನಲ್ಲಿ ಇದು ಸಿಗಲ್ಲ, ಅಷ್ಟು ಚಿಕ್ಕ ಸ್ಪೀಕರ್‌ಗೆ ಅಷ್ಟು ಕೆಳಗಿನ ಸ್ವರ ತರೋ ಶಕ್ತಿ ಇಲ್ಲ. ನನಗೆ ಬೇಸ್ ಹುಚ್ಚು ಹತ್ತಿದ್ದು ಇಳಯರಾಜರಿಂದ, ಬೀಟಲ್ಸ್‌ನ ಮೆಕ್‌ಕಾರ್ಟ್ನಿ, ಜೇಮರ್ಸನ್ ಎಲ್ಲ ಆಮೇಲೆ ಬಂದವರು.

ಇಷ್ಟ ಆಗದ್ದನ್ನೂ ಹೇಳಿಬಿಡ್ತೀನಿ. ರೀಲ್ಸ್‌ನಲ್ಲಿ ಆರು ತಂತಿಯ ಬೇಸ್ ಹಿಡಿದು ಒಂದು ನಿಮಿಷ ಬಿಡುವಿಲ್ಲದೆ ಚಟಪಟ ಸ್ಲ್ಯಾಪ್ ಹೊಡೆಯೋದು ನನಗೆ ಸೇರಲ್ಲ. ಸ್ಲ್ಯಾಪ್ ಶುರು ಮಾಡಿದ ಅಮೆರಿಕದ ಬೇಸ್ ವಾದಕ ಲ್ಯಾರಿ ಗ್ರಹಾಂ ಅದನ್ನು ಚಮತ್ಕಾರಕ್ಕೆ ಮಾಡಿದ್ದಲ್ಲ. ಅಮ್ಮನ ಜೊತೆ ನುಡಿಸುವಾಗ ಡ್ರಮ್ಮರ್ ಇರಲಿಲ್ಲ, ಡ್ರಮ್‌ನ ಕೆಲಸವನ್ನೂ ಬೇಸ್ ತಂತಿಯಲ್ಲೇ ಮಾಡಬೇಕಾಗಿ ಬಂತು, ಹೆಬ್ಬೆರಳಲ್ಲಿ ಬಡಿದರು. ಅಲ್ಲಿ ಅದಕ್ಕೆ ಅರ್ಥ ಇದೆ. ನನಗೆ ಇಷ್ಟ ಆಗೋದು ಒಂದು ಸ್ವರ ಹಿಡಿದು ಪೂರ್ತಿ ನಿಲ್ಲಿಸಿ, ಸರಿಯಾದ ಹೊತ್ತಿಗೆ ಬಿಡೋರು. ಬಿಡೋದು ನುಡಿಸೋದಕ್ಕಿಂತ ಕಷ್ಟ.

ಅದನ್ನು ಕಲಿಸಿದವರು ವಿರಾಜಪೇಟೆ ಕಡೆ ಚರ್ಚ್ ಕ್ವಾಯರ್‌ನಲ್ಲಿ ನುಡಿಸುತ್ತಿದ್ದ ಒಬ್ಬ ಹಿರಿಯರು. ನಾನು ಶುರು ಮಾಡಿದಾಗ ಇಲ್ಲಿ ಗಿಟಾರ್ ಕಲಿಸೋರು ಸಿಗುತ್ತಿದ್ದರು, ಬೇಸ್ ಕಲಿಸೋರು ಸಿಗಲಿಲ್ಲ. ಯೂಟ್ಯೂಬ್ ವಿಡಿಯೋವನ್ನು ಅರ್ಧ ಸ್ಪೀಡ್‌ಗೆ ಇಳಿಸಿ ಬೆರಳು ಎಲ್ಲಿಡ್ತಾರೆ ಅಂತ ನೋಡೋದು, ಅಷ್ಟೇ ಪಾಠ. ತಂತಿಯ ಉದ್ದ 34 ಇಂಚು. ಮೊದಲ ನಾಲ್ಕು ಫ್ರೆಟ್‌ಗೆ ನಾಲ್ಕು ಬೆರಳು ಅಗಲಿಸಿದರೆ ಮಣಿಕಟ್ಟು ಉರಿಯುತ್ತೆ. ಆ ಕ್ವಾಯರ್‌ನ ಅಂಕಲ್ ಒಂದು ದಿನ ನಾನು ನುಡಿಸಿದ್ದು ಪೂರ್ತಿ ಕೇಳಿ, "ನಿನ್ನ ಕೈ ನೋಡ್ಬೇಡ ಮಗಾ, ಡ್ರಮ್‌ನವನ ಬಲಗಾಲು ನೋಡು" ಅಂದರು. ಅಲ್ಲಿಂದ ಬೇರೆಯೇ ಲೋಕ. ಕಿಕ್ ಪೆಡಲ್ ಮೇಲೆ ಆ ಪಾದ ಏಳುವಾಗಲೇ ನನ್ನ ಬೆರಳು ತಂತಿ ಮುಟ್ಟಿರುತ್ತೆ. ಎರಡೂ ಒಟ್ಟಿಗೆ ಬಿದ್ದ ಕ್ಷಣ ಇಡೀ ಹಾಡು ನೆಲಕ್ಕೆ ಕಾಲೂರಿ ನಿಲ್ಲುತ್ತೆ. ನಿನ್ನೆ ಆ ಹುಡುಗನ ಕಣ್ಣೂ ಡ್ರಮ್ಮರ್ ಕಾಲ ಮೇಲೇ ಇತ್ತು. ಅದನ್ನು ನೋಡಿ ನನಗೆ ಗಂಟಲು ಕಟ್ಟಿತು.

ಕೊಡಗಿನಲ್ಲಿ ಈ ವಾದ್ಯ ಇಟ್ಟುಕೊಳ್ಳೋದೇ ಒಂದು ಕೆಲಸ. ಜೂನ್ ಬಂತು ಅಂದರೆ ಮರ ನೀರು ಕುಡಿಯುತ್ತೆ. ನೆಕ್ ಬಾಗಿ ತಂತಿ ಮೇಲೇಳುತ್ತೆ. ಆಲನ್ ಕೀ ಹಾಕಿ ನೆಕ್ ಒಳಗಿನ ಲೋಹದ ಸರಳನ್ನು, ಅಂದರೆ ಟ್ರಸ್ ರಾಡನ್ನು, ಕಾಲು ಸುತ್ತು ತಿರುಗಿಸಬೇಕು, ಒಂದು ದಿನ ಬಿಟ್ಟು ನೋಡಬೇಕು, ಬೇಕಾದರೆ ಇನ್ನೊಂದು ಕಾಲು ಸುತ್ತು. ತಂತಿಗೆ ತುಕ್ಕು, ಚೀಲಕ್ಕೆ ಬೂಸ್ಟು. ಬಟ್ಟೆ ಬೀರುವಿನೊಳಗೆ ಬಲ್ಬ್ ಉರಿಸುತ್ತೀವಲ್ಲ, ನನ್ನ ಬೇಸ್ ಮಳೆಗಾಲ ಪೂರ್ತಿ ಇರೋದು ಅಲ್ಲೇ. ಕರೆಂಟ್ ಹೋದರೆ ಆಂಪ್ ಇಲ್ಲ. ಆಗ ಬೇಸ್‌ನ ತಲೆಯನ್ನು ಬೀರು ಬಾಗಿಲಿಗೆ ಒತ್ತಿ ಹಿಡಿದು ನುಡಿಸಿ ನೋಡಿ, ಹಲಗೆಯೇ ಸ್ಪೀಕರ್ ಆಗುತ್ತೆ. ಇಷ್ಟೆಲ್ಲ ಮಾಡಿ ಸಾಕಿದ ವಾದ್ಯವನ್ನು ಸ್ಟೇಜಿಗೆ ಒಯ್ದರೆ ಕೇಳಿಸದಿದ್ರೂ ಒಂದೇ ಅಂತೆ.

ಅಪ್ಪನ ವಿಷಯ ಇಲ್ಲಿ ಬರೆದಿರಲಿಲ್ಲ. ಕೆಲವು ವರ್ಷಗಳಿಂದ ಅಪ್ಪನ ಕಿವಿ ಮಂದ. ವಯಸ್ಸಾದಾಗ ಮೊದಲು ಹೋಗೋದು ಮೇಲಿನ ಸ್ವರಗಳು. ಟಿವಿಯಲ್ಲಿ ಹಾಡು ಬಂದರೆ ಮಾತು ಅರ್ಥವಾಗಲ್ಲ, ಸುಮ್ನೆ ಎದ್ದು ಹೋಗುತ್ತಾರೆ. ಆದರೆ ನಾನು ನುಡಿಸುವಾಗ ಬಂದು ಆಂಪ್ ಮೇಲೆ ಅಂಗೈ ಇಟ್ಟು ಕೂರುತ್ತಾರೆ. ಹಳೇ ಹಾಡಿನ ಬರೀ ಬೇಸ್ ನುಡಿಸಿದರೂ ಸಾಕು, ಯಾವ ಹಾಡು ಅಂತ ಹೇಳುತ್ತಾರೆ. ಜನಕ್ಕೆ ಗೊತ್ತಾಗಲ್ಲ ಅನ್ನೋರಿಗೆ ಇದನ್ನು ತೋರಿಸಬೇಕು ಅನಿಸುತ್ತೆ.

ಈಗ ಕೆಲವರು ಕಾಮೆಂಟ್‌ನಲ್ಲಿ ಬಂದೇ ಬರುತ್ತೀರಿ: ಮದುವೆಗೆ ಬರೋದು ಕುಣಿಯೋಕೆ, ಕಚೇರಿ ಕೇಳೋಕಲ್ಲ, ಕುಣಿಯೋಕೆ ಧಂ ಧಂ ಬೇಕೇ ಬೇಕು ಅಂತ. ನಮ್ಮೂರಲ್ಲಿ ನಿಂತು ಈ ಮಾತು ಹೇಳಬೇಡಿ. ವಾಲಗಕ್ಕೆ ಅಜ್ಜಿಯಿಂದ ಮೊಮ್ಮಗಳವರೆಗೆ ಕುಣಿಯುತ್ತಾರೆ. ಅಲ್ಲಿ ಯಾವ ಸಬ್‌ವೂಫರ್ ಇದೆ? ನಾಲ್ಕು ಜನ ದುಡಿ ಅನ್ನೋ ಪುಟ್ಟ ಚರ್ಮವಾದ್ಯ ಹಿಡಿದು ಹಾಡೋದನ್ನು ಕೇಳಿದ್ದೀರಲ್ಲ, ದುಡಿಯ ಪೆಟ್ಟು ಹಾಡಿನ ಒಂದು ಮಾತನ್ನಾದರೂ ಮುಚ್ಚುತ್ತಾ? ಮಡಿಕೇರಿ ದಸರಾದ ದಶಮಂಟಪಗಳ ಮೆರವಣಿಗೆಗೆ ದೊಡ್ಡ ಸೌಂಡ್ ಬೇಕು, ಒಪ್ಪುತ್ತೇನೆ. ಅದು ಬೀದಿ, ರಾತ್ರಿಯಿಡೀ ನಡೆಯೋ ಹಬ್ಬ, ಸಾವಿರಾರು ಜನ. ಮುನ್ನೂರು ಜನರ ಹಾಲ್‌ಗೆ ಅದೇ ಲೆಕ್ಕ ಯಾಕೆ?

ಕೀಬೋರ್ಡ್‌ನವರೇ ಎಡಗೈಯಲ್ಲಿ ಬೇಸ್ ಕೊಡ್ತಾರೆ, ಇನ್ನೊಬ್ಬರಿಗೆ ಯಾಕೆ ಸಂಬಳ ಅನ್ನೋರೂ ಇದ್ದಾರೆ. ಕೊಡಬಹುದು. ಆದರೆ ಬೆರಳು ತಂತಿಯ ಮೇಲೆ ಜಾರೋದು, ಪೂರ್ತಿ ಒತ್ತದೆ ಬರೀ ಟಕ್ ಅನ್ನಿಸೋದು, ಒಂದು ಸ್ವರವನ್ನು ಕೂದಲೆಳೆ ತಡವಾಗಿ ಬಿಡೋದು, ಅವೆಲ್ಲ ಎಲ್ಲಿಂದ ಬರುತ್ತವೆ? ಮತ್ತೆ ನಿನ್ನೆ ಆ ಹುಡುಗನಿಗೆ ದುಡ್ಡು ಕೊಟ್ಟು ಕರೆಸಿದ್ದಾರಲ್ಲ. ಕರೆಸಿ ಮುಚ್ಚಿಡೋದು ಯಾವ ನ್ಯಾಯ?

ಮಾಡಬೇಕಾದ್ದು ಜಾಸ್ತಿ ಏನಿಲ್ಲ. ಸಬ್‌ಗಳನ್ನು ಮೂಲೆಯಿಂದ ಮುಂದಕ್ಕೆ ತನ್ನಿ. ಹಾಡುವವರ ಮೈಕ್‌ಗಳಲ್ಲಿ ಕೆಳಗಿನ ಸದ್ದು ಕಟ್ ಮಾಡಿ, ಅಲ್ಲಿ ಅದು ಬೇಕಿಲ್ಲ. ಕಿಕ್ ಸ್ವಲ್ಪ ಇಳಿಸಿ. ಬೇಸ್ ಗಿಟಾರ್‌ನಲ್ಲಿ 250 ಹರ್ಟ್ಸ್ (ಸೆಕೆಂಡಿಗೆ 250 ಕಂಪನ) ಸುತ್ತ ಗುಂಯ್‌ಗುಡೋದನ್ನು ಕಡಿಮೆ ಮಾಡಿ, 700ರಿಂದ 800 ಹರ್ಟ್ಸ್ ಹತ್ತಿರ ಒಂಚೂರು ಏರಿಸಿ. ಬೆರಳಿನ ಸದ್ದು ಬಂದ ಕೂಡಲೇ ಕಿವಿ ಉಳಿದ ಸ್ವರವನ್ನು ತಾನೇ ಹಿಡಿಯುತ್ತೆ. ಜನ ಬರೋ ಮೊದಲು ಅರ್ಧ ಗಂಟೆ ಸೌಂಡ್ ಚೆಕ್ ಮಾಡಿ. ಆರ್ಕೆಸ್ಟ್ರಾ ಕರೆಸೋ ಮನೆಯವರೂ ಇದನ್ನು ಬಾಯಿಬಿಟ್ಟು ಕೇಳಿ, ದುಡ್ಡು ಕೊಡೋದು ನೀವು.

ಕಾರ್ಯಕ್ರಮ ಮುಗಿದ ಮೇಲೆ ಆ ಹುಡುಗನನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿದೆ. ಕೇಬಲ್ ಸುತ್ತುತ್ತಿದ್ದ. "ಚೆನ್ನಾಗಿ ನುಡಿಸಿದೆ" ಅಂದೆ. "ಕೇಳಿಸ್ತಾ ಅಣ್ಣಾ?" ಅಂದ. "ಕೇಳಿಸಲಿಲ್ಲ, ನೋಡಿದೆ" ಅಂದೆ. ನಂಬರ್ ತೆಗೆದುಕೊಂಡಿದ್ದೇನೆ. ಮುಂದಿನ ತಿಂಗಳು ಕುಶಾಲನಗರದಲ್ಲಿ ನಮ್ಮ ಹುಡುಗರ ಒಂದು ಕಾರ್ಯಕ್ರಮ ಇದೆ. ಅವತ್ತು ಬೇಸ್ ಅವನೇ ನುಡಿಸುತ್ತಾನೆ, ಮಿಕ್ಸರ್ ಹತ್ತಿರ ನಾನು ನಿಲ್ಲುತ್ತೇನೆ. ಸೌಂಡ್‌ನವರಿಗೆ ಇವತ್ತು ಬೆಳಿಗ್ಗೆಯೇ ಫೋನ್ ಮಾಡಿ ಹೇಳಿದ್ದೇನೆ, ಒಪ್ಪಿದ್ದಾರೆ.